ಚೊಗರು ಹಾಕದೆ ಬಂದ ಕೆಂಪು

(ಜನವರಿಯ ಒಂದು ಭಾನುವಾರ ಶಿವಮೊಗ್ಗದಲ್ಲಿ ಮನೆತೋಟದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿ ಹಾಗೇ ಉಳಿಸಿದ್ದೇನೆ. ಅಂದು ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಎರಡು ಟ್ರೇ ಸಕ್ಯುಲೆಂಟ್‌ಗಳನ್ನು, ಅಂದರೆ ಮೈಯಲ್ಲಿ ನೀರು ಕೂಡಿಟ್ಟುಕೊಳ್ಳುವ ದಪ್ಪ ಎಲೆಯ ಗಿಡಗಳನ್ನು, ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮಂಡಗದ್ದೆ ದಾಟುವ ಹೊತ್ತಿಗೆ ಪಕ್ಕದ ಸೀಟಿನ ಅಜ್ಜಿಗೆ ತಡೆಯಲಾಗಲಿಲ್ಲ. ಒಂದು ಎಲೆ ಮುಟ್ಟಿ ನೋಡಿ, "ಪ್ಲಾಸ್ಟಿಕ್ಕಾ ಮಾರಾಯ್ತಿ?" ಅಂದರು. ಅಲ್ಲ ಅಂದೆ. "ಹಂಗಾರೆ ಬಣ್ಣ ಬಳಿದದ್ದಾ?" ಅಂದರು. ಅದೂ ಅಲ್ಲ ಅಂದೆ. ಅಜ್ಜಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಅವರದ್ದು ತಪ್ಪಲ್ಲ. ಬಣ್ಣ ಸ್ಪ್ರೇ ಮಾಡಿದ ಕಳ್ಳಿ, ಸಕ್ಯುಲೆಂಟ್‌ಗಳು ಪೇಟೆಯಲ್ಲಿ ನಿಜಕ್ಕೂ ಮಾರಾಟಕ್ಕಿವೆ. ಆದರೆ ನನಗೆ ಬರುವ ದೂರುಗಳು ಬೇರೆ ಥರದವು. ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಯಾರಾದರೂ ಒಬ್ಬರು ಫೋನ್ ಮಾಡುತ್ತಾರೆ. ಜನವರಿಯಲ್ಲಿ ಬೆಂಗಳೂರಿನ ಯಾವುದೋ ನರ್ಸರಿಯಿಂದ ಗುಲಾಬಿ ಬಣ್ಣದ ಗಿಡ ತಂದಿರುತ್ತಾರೆ. ಈಗ ನೋಡಿದರೆ ಹಸಿರು, ಅದೂ ಸಪ್ಪೆ ಹಸಿರು. "ಮೋಸ ಮಾಡಿದಾರೆ ಅಕ್ಕ" ಅನ್ನುತ್ತಾರೆ. ಮೋಸ ಅಲ್ಲ, ಆಶ್ಲೇಷ ಮಳೆ ಅಂತ ನಾನು ಹೇಳುತ್ತೇನೆ. ಇವತ್ತಿನ ಮಾತು ಅಷ್ಟೇ. ಈ ಗಿಡಗಳ ಬಣ್ಣ ಕೊಂಡು ತರುವ ವಸ್ತುವಲ್ಲ, ನಿಮ್ಮ ಅಂಗಳದ ಬಿಸಿಲು, ಚಳಿ, ನೀರು ಸೇರಿ ಅದರ ಮೈಮೇಲೆ ಬರೆಯುವ ಲೆಕ್ಕ.

ನನ್ನ ಕಲ್ಲುತೋಟ ದೊಡ್ಡದೇನಲ್ಲ. ಹಳೇ ಕೊಟ್ಟಿಗೆ ಕೆಡವಿದಾಗ ಉಳಿದ ಜಂಬಿಟ್ಟಿಗೆ, ಒಡೆದ ಹೆಂಚು, ಮನೆ ಹಿಂದಿನ ಧರೆಯಿಂದ ಉರುಳಿಸಿಕೊಂಡು ಬಂದ ಐದಾರು ಕಾಡುಗಲ್ಲು. ಹೊಳೆಯ ಗುಂಡುಕಲ್ಲು ಚಂದ ಕಾಣುತ್ತದೆ ಅಂತ ತುಂಗೆಗೆ ಬುಟ್ಟಿ ಹಿಡಿದು ಹೋಗುವವರಿದ್ದಾರೆ. ದಯವಿಟ್ಟು ಬಿಡಿ, ಹೊಳೆಗೆ ಅದರದ್ದೇ ಕೆಲಸ ಇದೆ. ಜಂಬಿಟ್ಟಿಗೆಯಲ್ಲಿ ತೂತುಗಳಿರುವುದರಿಂದ ನೀರು ನಿಲ್ಲುವುದಿಲ್ಲ, ಬೇರಿಗೆ ಹಿಡಿತವೂ ಸಿಗುತ್ತದೆ. ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟದ್ದು 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ, ಸಸ್ಯತಜ್ಞ ಫ್ರಾನ್ಸಿಸ್ ಬುಕನನ್. ಆತ ನಮ್ಮ ಇಕ್ಕೇರಿ, ನಗರದ ಕಡೆಯೂ ಓಡಾಡಿದವನೇ. ಆದರೆ ಹೆಸರಿಡಲು ಕಾರಣವಾದದ್ದು ಕೇರಳದಲ್ಲಿ ಕಂಡ ಕಲ್ಲು.

ತೋಟ ಮಾಡಿದ ಮೊದಲ ವರ್ಷದ ಡಿಸೆಂಬರ್. ಮನೆಯಲ್ಲಿ ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಗಡಿಬಿಡಿ. ಒಂದು ಬೆಳಗ್ಗೆ ಅತ್ತೆ ಅಂಗಳದಿಂದ ಕೂಗಿದರು: "ಏನೇ, ನಿನ್ನ ಗಿಡಕ್ಕೂ ಚೊಗರು ಹಾಕಿದ್ದೀಯೇನೆ?" ಹೋಗಿ ನೋಡಿದರೆ ಕಲ್ಲಿನ ಸಂದಿಯ ಜೇಡ್ ಗಿಡದ ಪ್ರತಿ ಎಲೆಯ ಅಂಚಿಗೂ ಕೆಂಪು ಗೆರೆ, ಯಾರೋ ಸಣ್ಣ ಕುಂಚ ಹಿಡಿದು ಎಳೆದ ಹಾಗೆ. ಪಕ್ಕದ ಸೆಡಮ್, ಹೆಸರುಕಾಳಿನ ಗಾತ್ರದಿಂದ ಅವರೆಕಾಳಿನ ಗಾತ್ರದವರೆಗಿನ ಎಲೆಗಳದ್ದು, ತುದಿಯಿಂದ ಅರ್ಧದವರೆಗೆ ಇಟ್ಟಿಗೆ ಕೆಂಪು. ಸೆಪ್ಟೆಂಬರಿನಲ್ಲಿ ಎರಡೂ ಹಸಿರೇ ಹಸಿರು ಇದ್ದವು. ಅಡಿಕೆಗೆ ಕೆಂಪು ಕೊಡಲು ನಾವು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರಿನಲ್ಲಿ, ಅದ್ದುತ್ತೇವೆ. ಇದಕ್ಕೆ ಯಾರು ಅದ್ದಿದರು?

ಒಳಗಿನಿಂದಲೇ ಬಂದದ್ದು. ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು, ಅದು ನಿಮಗೆ ಗೊತ್ತು. ಅದರ ಕೆಲಸ ಬೆಳಕು ಹಿಡಿಯುವುದು. ಹಿಡಿದ ಬೆಳಕಿನಿಂದ ಸಕ್ಕರೆ ಮಾಡುವ ಕೆಲಸ ಕಿಣ್ವಗಳದ್ದು. ಚಳಿಯಲ್ಲಿ ಇವೆರಡರ ಲಯ ತಪ್ಪುತ್ತದೆ. ಬೆಳಕು ಹಿಡಿಯುವುದಕ್ಕೆ ಚಳಿ ಅಡ್ಡಿಯಲ್ಲ, ಆದರೆ ಕಿಣ್ವಗಳು ನಿಧಾನವಾಗುತ್ತವೆ. ಕೊಯ್ಲಿನ ದಿನ ನೆನಪಿಸಿಕೊಳ್ಳಿ: ಕೊನೆಗಾರ ಮರದಿಂದ ಮರಕ್ಕೆ ಜಿಗಿಯುತ್ತಾ ಕೊನೆ ಇಳಿಸುತ್ತಲೇ ಇದ್ದಾನೆ, ಇಲ್ಲಿ ಸುಲಿಯುವವರ ಕೈ ಚಳಿಗೆ ಮರಗಟ್ಟಿದೆ. ಅಂಗಳದಲ್ಲಿ ರಾಶಿ ಬೀಳುತ್ತದೆ, ಬಿದ್ದದ್ದು ಹಾಳಾಗುತ್ತದೆ. ಎಲೆಯೊಳಗೂ ಹಾಗೇ. ಬಳಕೆಯಾಗದ ಬೆಳಕಿನ ಶಕ್ತಿ ಅಲ್ಲೇ ಸುಡಲು ತೊಡಗುತ್ತದೆ. ಆಗ ಗಿಡ ಎಲೆಯ ಮೇಲ್ಪದರದ ಕೋಶಗಳಲ್ಲಿ ಆಂಥೋಸಯನಿನ್ ಎಂಬ ಕೆಂಪು ಬಣ್ಣ ತುಂಬುತ್ತದೆ. ಅದು ಬೆಳಕಿನ ಒಂದು ಪಾಲನ್ನು ಹೊರಗಡೆಯೇ ತಡೆಯುತ್ತದೆ. ಗದ್ದೆಗೆ ಇಳಿಯುವವರು ಹಾಳೆಟೊಪ್ಪಿ ಹಾಕಿಕೊಂಡ ಹಾಗೆ.

ಮಲೆನಾಡಿನವರಿಗೆ ಇದು ಹೊಸದೇನೂ ಅಲ್ಲ, ಹೆಸರು ಮಾತ್ರ ಹೊಸದು. ಮಾವಿನ ಚಿಗುರು ತಾಮ್ರದ ಬಣ್ಣದ್ದು, ನಾಗಸಂಪಿಗೆಯ ಚಿಗುರು ಹೂವಿಗಿಂತ ಚಂದ ಕೆಂಪು. ಎಳೆ ಎಲೆಗೆ ಇನ್ನೂ ಬೆಳಕು ಅರಗಿಸಿಕೊಳ್ಳುವ ಶಕ್ತಿ ಬಂದಿರುವುದಿಲ್ಲ, ಅಲ್ಲೂ ಇದೇ ಬಣ್ಣ. ಮುರುಗಲು ಸಿಪ್ಪೆ, ನೇರಳೆ ಹಣ್ಣು, ಶಂಖಪುಷ್ಪ, ಎಲ್ಲದರಲ್ಲೂ ಇದೇ ಕುಟುಂಬದ ಬಣ್ಣ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸೆಡಮ್‌ನ ಕೆಂಪು ತುದಿಯನ್ನು ಜಜ್ಜಿ ನಿಂಬೆರಸ ಹಾಕಿದರೆ ಕೆಂಪು ಹೊಳೆಯುತ್ತದೆ, ಕವಳದ ಸುಣ್ಣ ಸ್ವಲ್ಪ ತಾಗಿಸಿದರೆ ನೀಲಿ–ಹಸಿರಿನತ್ತ ತಿರುಗುತ್ತದೆ.

ಹಾಗಂತ ಎಲ್ಲ ಕೆಂಪೂ ಒಂದೇ ಅಲ್ಲ. ಹರಿವೆ, ಬೀಟ್‌ರೂಟ್, ಕೆಂಪು ಬಸಳೆ ದಂಟು, ಗೋಣಿಸೊಪ್ಪು, ಪಾಪಸುಕಳ್ಳಿ ಹಣ್ಣು: ಇವುಗಳ ಬಣ್ಣ ಬೀಟಾಲೈನ್. ನಿಂಬೆ ಹಿಂಡಿದರೆ ಅದಕ್ಕೆ ಲೆಕ್ಕವೇ ಇಲ್ಲ. ಒಂದು ಗಿಡದಲ್ಲಿ ಆಂಥೋಸಯನಿನ್ ಇದ್ದರೆ ಬೀಟಾಲೈನ್ ಇರುವುದಿಲ್ಲ, ಇದು ಸಸ್ಯಲೋಕದ ವಿಚಿತ್ರ ಮಡಿ. ಲೋಳೆಸರದ್ದು ಮೂರನೇ ದಾರಿ. ಮಾರ್ಚ್ ಬಿಸಿಲಿಗೆ ಅದು ಕಂದುಗೆಂಪಾಗುತ್ತದಲ್ಲ, ಅದು ಕ್ಯಾರೆಟ್ ಬಣ್ಣದ ನೆಂಟ, ರೋಡೊಕ್ಸಾಂಥಿನ್ ಅಂತ. ಗಿಡ ಸತ್ತೇ ಹೋಯಿತು ಅಂತ ಬುಡಕ್ಕೆ ಬಿಂದಿಗೆಗಟ್ಟಲೆ ನೀರು ಸುರಿಯುವವರಿದ್ದಾರೆ. ನೆರಳಿಗೆ ಸರಿಸಿದರೆ ಕೆಲವು ವಾರಗಳಲ್ಲಿ ಮತ್ತೆ ಹಸಿರಾಗುತ್ತದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ಇಂಟರ್ನೆಟ್ಟಿನ ವೀಡಿಯೊಗಳಲ್ಲಿ ಹೇಳುವುದು ಹೆಚ್ಚಾಗಿ ಬೇರೆ ದೇಶದ ಋತುಗಳ ಬಗ್ಗೆ. ಅಲ್ಲಿ ಚಳಿಗಾಲ ಅಂದರೆ ಹಗಲು ಗಿಡ್ಡ, ಬೇಸಿಗೆ ಅಂದರೆ ಹಗಲು ಉದ್ದ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದಷ್ಟು, ಅತಿ ದೊಡ್ಡದು 13 ಗಂಟೆಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಒಂದೂವರೆ ಗಂಟೆ ಚಿಲ್ಲರೆ. ಅಂದಮೇಲೆ ನಮ್ಮಲ್ಲಿ ಋತು ಬದಲಿಸುವುದು ಹಗಲಿನ ಉದ್ದವಲ್ಲ, ಮೋಡ. ಜೂನ್, ಜುಲೈನಲ್ಲಿ ಪಂಚಾಂಗದ ಪ್ರಕಾರ ಅತಿ ಉದ್ದದ ಹಗಲು, ಆದರೆ ಅಡುಗೆಮನೆಯಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕು. ಗಿಡಕ್ಕೆ ಅದೇ ಕತ್ತಲ ಕಾಲ.

ಇದನ್ನು ಪರೀಕ್ಷಿಸಲು ನನಗೆ ಪುಕ್ಕಟೆ ಪ್ರಯೋಗಶಾಲೆ ಸಿಕ್ಕಿತು: ಇಲ್ಲೇ ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ತಂಗಿಯ ತಾರಸಿ. ಒಂದೇ ತಾಯಿಗಿಡದಿಂದ ಗ್ರಾಪ್ಟೊಪೆಟಲಂನ ಎರಡು ತುಂಡು ಮುರಿದು, ಒಂದು ಅವಳಿಗೆ ಕೊಟ್ಟೆ, ಒಂದು ನಾನಿಟ್ಟುಕೊಂಡೆ. ಇದು ಬೂದಿ ಬಳಿದ ಹಾಗಿರುವ, ಹೂವಿನಾಕಾರದ ಗಿಡ. ನೆರಳಿನಲ್ಲಿ ನೀಲಿಬೂದು, ಬಿಸಿಲಿಗೆ ಗುಲಾಬಿ. ಅವಳ ಗಿಡ ಭೂಮಿ ಹುಣ್ಣಿಮೆ ಹೊತ್ತಿಗೇ ಬಣ್ಣ ತಿರುಗಲು ಶುರು. ನನ್ನದು ದೀಪಾವಳಿ ಕಳೆದು, ತುಳಸಿ ಪೂಜೆಯೂ ಮುಗಿದ ಮೇಲೆ. ಎಳ್ಳಮಾವಾಸ್ಯೆ ಜಾತ್ರೆಗೆ ಅವಳು ಬಂದಾಗ ಫೋಟೊ ಹೋಲಿಸಿದರೆ ನನ್ನದು ಅವಳದ್ದಕ್ಕಿಂತ ಗಾಢ. ತಡವಾಗಿ ಬಂದದ್ದು ಹೆಚ್ಚಾಗಿ ಬಂತು. ಶಿವಮೊಗ್ಗದಲ್ಲಿ ಮೋಡ ಬೇಗ ಸರಿಯುತ್ತದೆ, ಅದಕ್ಕೆ ಅವಳದ್ದು ಮೊದಲು. ಆದರೆ ಕಾಂಕ್ರೀಟ್ ತಾರಸಿ ರಾತ್ರಿಯಿಡೀ ಹಗಲಿನ ಕಾವು ಬಿಡುತ್ತಿರುತ್ತದೆ. ನಮ್ಮ ಅಂಗಳದ ಥರ್ಮಾಮೀಟರ್ ಜನವರಿಯ ಬೆಳಗಿನ ಜಾವ 13 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನ 29ಕ್ಕೆ ಏರುತ್ತದೆ. ಈ ಏರಿಳಿತವೇ ಬಣ್ಣದ ಗುಟ್ಟು. ಇನ್ನೂ ಮೇಲಕ್ಕೆ, ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವ ಆಗುಂಬೆಯ ಕಡೆಯವರು ಯಾರಾದರೂ ಇಲ್ಲಿದ್ದರೆ ಅವರಿಗೆ ಎರಡು ಮಾತು ಬೇರೆಯೇ ಹೇಳಬೇಕು: ನೆಲದಲ್ಲಿ ನೆಡಬೇಡಿ.

ಕಲ್ಲುತೋಟದ ಒಳಗೂ ಇಂಥ ಊರುಗಳಿವೆ. ದೊಡ್ಡ ಕಲ್ಲಿಗೆ ಒರಗಿದ ಗಿಡ ನಿಧಾನಕ್ಕೆ ಕೆಂಪಾಗುತ್ತದೆ, ತುದಿಯಲ್ಲಿ ಬಯಲಿಗೆ ಮುಖ ಮಾಡಿದ್ದು ಮೊದಲು. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆತ್ತಿಗೆ ಬರುವುದು ಏಪ್ರಿಲ್ ಕೊನೆಗೆ. ಹಾಗಾಗಿ ಬಣ್ಣ ಬೇಕಾದ ಗಿಡವನ್ನು ಕಲ್ಲಿನ ದಕ್ಷಿಣ ಮಗ್ಗುಲಿಗೆ ಇಡಿ. ಉತ್ತರದ ಮಗ್ಗುಲಲ್ಲಿ ಚಳಿಗಾಲವಿಡೀ ನೆರಳು, ಅಲ್ಲಿ ನೆರಳು ಸಹಿಸುವ ಹವೋರ್ತಿಯ ಸುಖವಾಗಿರುತ್ತದೆ. ಇದು ತಿಳಿಯದೆ ನಾನು ಎರಡು ವರ್ಷ, ಬಿಸಿಲು ಬೇಡುವ ಎಚೆವೆರಿಯವನ್ನು ಉತ್ತರಕ್ಕೆ ನೆಟ್ಟು, ಮಣ್ಣಿಗೆ ಬೈದೆ.

ಈ ಗಿಡಗಳ ರಾತ್ರಿಯ ಬದುಕಿನ ಬಗ್ಗೆ ಒಂದು ಕಥೆ ಇದೆ, ಹೇಳದೆ ಇರಲಾರೆ. ಬಹುತೇಕ ಗಿಡಗಳು ಎಲೆಯ ರಂಧ್ರಗಳನ್ನು ಹಗಲು ತೆರೆಯುತ್ತವೆ. ಇವು ತೆರೆಯುವುದು ರಾತ್ರಿ, ನೀರು ಆರಿಹೋಗದಿರಲಿ ಅಂತ. ರಾತ್ರಿ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಹುಳಿಯಾಗಿ, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲು ಬಳಸುತ್ತವೆ. ಇದನ್ನು ನಾಲಿಗೆಯಿಂದ ಗುರುತಿಸಿದವನು ಬೆಂಜಮಿನ್ ಹೇಯ್ನ್, 19ನೇ ಶತಮಾನದ ಆರಂಭದಲ್ಲಿ ನಮ್ಮ ಲಾಲ್‌ಬಾಗ್ ನೋಡಿಕೊಂಡಿದ್ದ ಸಸ್ಯತಜ್ಞ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಕಹಿ ಅಂತ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಬರೆದ. 1815ರಲ್ಲಿ ಅದು ಅಚ್ಚಾಯಿತು. ನೀವು ಅದನ್ನು ತಿಂದು ನೋಡಬೇಡಿ, ಕಾಡುಬಸಳೆ ದನಕರುಗಳಿಗೆ ವಿಷ. ರುಚಿ ನೋಡಲೇಬೇಕೆಂದರೆ ಗೋಣಿಸೊಪ್ಪು ಇದೆ. ನೀರಿಲ್ಲದೆ ಬಾಡಿದಾಗ ಅದೂ ಈ ರಾತ್ರಿಪಾಳಿಗೆ ಹೊರಳುತ್ತದೆ. ಸೊರಬ, ಬನವಾಸಿ ಕಡೆ ಬೆಳೆಯುವ ಅನಾನಸ್ ಕೂಡ ಇದೇ ಪಾಳಿಯದ್ದು, ಬಿಸಿಲಿಗೆ ಅದರ ಎಲೆಯೂ ಕೆಂಪೇರುವುದನ್ನು ನೋಡಿರುತ್ತೀರಿ.

ಬಣ್ಣ ಬರಿಸಲು ಏನು ಮಾಡಬೇಕು ಅಂತ ಕೇಳುತ್ತಾರೆ. ನಮ್ಮಲ್ಲಿ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ವೀಡಿಯೊಗಳಲ್ಲಿ "ಸ್ಟ್ರೆಸ್ ಕೊಡಿ" ಅನ್ನುತ್ತಾರೆ. ನನಗೆ ಆ ಮಾತೇ ಹಿಡಿಸುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಒಣಹವೆ, ತಿಳಿ ಬಿಸಿಲು, ಚಳಿ ಎಲ್ಲವನ್ನೂ ನಮ್ಮ ಊರೇ ಕೊಡುತ್ತದೆ, ನೀವು ಮೇಲಿಂದ ಕಷ್ಟ ಕೊಡುವ ಅಗತ್ಯವಿಲ್ಲ. ಎಲೆ ಸ್ವಲ್ಪ ಮೆತ್ತಗಾದಾಗ ನೀರು ಹಾಕಿ, ಸಾಕು. ಮುಖ್ಯವಾಗಿ, ಗೊಬ್ಬರ ಹಾಕಬೇಡಿ. ಮೂರನೇ ವರ್ಷ ನಮ್ಮತ್ತೆ ಪ್ರೀತಿಯಿಂದ ಎರಡು ತಂಬಿಗೆ ಸಗಣಿ ನೀರು ಎರೆದರು, ಅದೂ ಡಿಸೆಂಬರಿನಲ್ಲಿ. ಮೂರೇ ವಾರದಲ್ಲಿ ಹೊಸ ಎಲೆಗಳೆಲ್ಲ ಹಸಿರು, ಗಿಡ ಮಾತ್ರ ದಷ್ಟಪುಷ್ಟ. "ಈಗ ನೋಡು ಆರೋಗ್ಯವಾಗಿದೆ" ಅಂದರು. ಅವರ ಮಾತು ಸುಳ್ಳಲ್ಲ! ಸಾರಜನಕ ಸಿಕ್ಕರೆ ಗಿಡ ಬೆಳೆಯುವುದಕ್ಕೆ ತೊಡಗುತ್ತದೆ, ಸಕ್ಕರೆ ಬೆಳವಣಿಗೆಗೆ ಖರ್ಚಾಗುತ್ತದೆ. ಕೆಂಪು ಕಟ್ಟಲು ಸಕ್ಕರೆ ಉಳಿಯಬೇಕು. ಎಷ್ಟೋ ಸಲ ಬಣ್ಣ ಅಂದರೆ ಖರ್ಚಾಗದ ಸಕ್ಕರೆ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕೆಂಪುಮಣ್ಣು ಒಂದು ಪಾಲು, ಜರಡಿ ಹಿಡಿದು ಪುಡಿ ತೆಗೆದ ಎಂ-ಸ್ಯಾಂಡ್ ಒಂದು ಪಾಲು, ಹೆಂಚಿನ ಚೂರು ಮತ್ತು ಇದ್ದಿಲು ಸೇರಿ ಒಂದು ಪಾಲು. ಸುಟ್ಟ ಭತ್ತದ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು.

ಮಳೆಗಾಲ ಮಾತ್ರ ಪುರಾಣದಷ್ಟು ಉದ್ದದ ವಿಷಯ. ಎಚೆವೆರಿಯ, ಗ್ರಾಪ್ಟೊಪೆಟಲಂ ಹುಟ್ಟಿದ ಮೆಕ್ಸಿಕೋದಲ್ಲೂ ಜೂನ್–ಸೆಪ್ಟೆಂಬರಿನಲ್ಲೇ ಮಳೆ, ಚಳಿಗಾಲ ಒಣ. ಕ್ರಮ ನಮ್ಮದೇ. ಅಳತೆ ಬೇರೆ. ಅಲ್ಲಿ ಸುರಿದು ಬಿಡುತ್ತದೆ, ಇಲ್ಲಿ ಹಿಡಿದರೆ ಬಿಡುವುದಿಲ್ಲ. ಅಡಿಕೆಗೆ ಕೊಳೆ ಬರುವ ಕಾಲದಲ್ಲೇ ಇವಕ್ಕೂ ಕೊಳೆ. ಇಲ್ಲಿ ನಾನು ಒಂದು ಉಪಾಯ ಕಂಡುಕೊಂಡೆ, ಎಂಟು ಗಿಡ ಸತ್ತ ಮೇಲೆ. ಗಿಡಗಳನ್ನು ಕುಂಡ ಸಮೇತ ಕಲ್ಲಿನ ಸಂದಿಯಲ್ಲಿ ಹೂತು, ಮೇಲೆ ಜಲ್ಲಿ ಹರಡುತ್ತೇನೆ. ನೋಡುವವರಿಗೆ ನೆಲದಲ್ಲೇ ಬೆಳೆದಂತೆ ಕಾಣುತ್ತದೆ. ಆರಿದ್ರಾ ಮಳೆ ಹುಟ್ಟುವ ಮೊದಲು ಕುಂಡಗಳನ್ನು ಎತ್ತಿ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯೊಳಗೆ ಇಡುತ್ತೇನೆ. ಮಳೆಗಾಲದಲ್ಲಿ ಅದು ಹೇಗೂ ಖಾಲಿ.

ಅಲ್ಲಿ ಅವು ಹಸಿರಾಗುತ್ತವೆ. ಮೋಡದ ಬೆಳಕು ಸಾಲದು, ಆ ಹಾಳೆಯೂ ಅತಿನೇರಳೆ ಕಿರಣ ತಡೆಯುತ್ತದೆ. ಈ ಹಸಿರನ್ನು ನೋಡಿ ಗಿಡ ಚೇತರಿಸಿಕೊಂಡಿತು ಅಂತ ಖುಷಿಪಡಬೇಡಿ. ಬೆಳಕು ಸಾಲದ ಎಲೆಗೆ ತಡೆಯುವುದಕ್ಕೆ ಏನೂ ಇಲ್ಲ, ಟೊಪ್ಪಿ ತೆಗೆದಿಟ್ಟಿದೆ ಅಷ್ಟೇ. ಜೊತೆಗೆ ದಂಟು ನೀಳವಾಗಿ, ಎಲೆ ಎಲೆಯ ನಡುವೆ ಅಂತರ ಬಿದ್ದರೆ ಅದು ಹಸಿವು. ಎಲೆ ಒತ್ತೊತ್ತಾಗಿದ್ದು ಹಸಿರಾಗಿದ್ದರೆ ಚಿಂತೆಯಿಲ್ಲ. ನೀಳವಾದ ದಂಟು ಮತ್ತೆ ಗಿಡ್ಡವಾಗುವುದಿಲ್ಲ. ಅಕ್ಟೋಬರಿನಲ್ಲಿ ತಲೆ ಕತ್ತರಿಸಿ ಬೇರೆ ನೆಡಬೇಕು.

ಇನ್ನೊಂದು ತಪ್ಪು ಆಗುವುದು ಆಗಲೇ. ಮಳೆ ನಿಂತಿತು ಅಂತ ಒಂದೇ ದಿನಕ್ಕೆ ಎಲ್ಲವನ್ನೂ ಬಿಸಿಲಿಗೆ ತರುತ್ತೇವೆ. ಟೊಪ್ಪಿ ಇಲ್ಲದ ತಲೆ, ಸುಡುತ್ತದೆ. ಬಿಸಿಲಿನ ಕೆಂಪು ಎಲೆಯಲ್ಲಿ ಅಂಚಿನಿಂದ, ತುದಿಯಿಂದ ಒಳಕ್ಕೆ ನಯವಾಗಿ ಹರಡುತ್ತದೆ, ನೆರಳಿಗೆ ಸರಿಸಿದರೆ ಇಳಿಯುತ್ತದೆ. ಸುಟ್ಟದ್ದು ಹಾಗಲ್ಲ. ಸೂರ್ಯನಿಗೆ ಎದುರಾದ ಕಡೆ ಬಿಳಚಿ, ಆಮೇಲೆ ಕಂದು ಕಲೆ, ಆ ಎಲೆ ಉದುರುವವರೆಗೂ ಹೋಗುವುದಿಲ್ಲ. ಕೊಳೆತದ್ದು ಬುಡದಿಂದ ಶುರುವಾಗಿ, ಪಾರದರ್ಶಕವಾಗಿ, ಮುಟ್ಟಿದರೆ ಕೈಗೆ ಬರುತ್ತದೆ. ಅಡಿಯ ಒಂದೆರಡು ಎಲೆ ಹಳದಿಯಾಗಿ ಒಣಗಿದರೆ ಅದು ವಯಸ್ಸು, ಕೈ ಹಾಕಬೇಡಿ. ಕೈ ಅಂದಾಗ ನೆನಪಾಯಿತು, ಎಲೆ ಮೇಲಿನ ಬೂದಿ ಧೂಳಲ್ಲ, ಮೇಣ. ಒರೆಸಿದರೆ ಆ ಎಲೆಗೆ ಮತ್ತೆ ಸರಿಯಾಗಿ ಕಟ್ಟುವುದಿಲ್ಲ. ನಮ್ಮ ಮನೆಗೆ ಬಂದ ನೆಂಟರೊಬ್ಬರು ಪಾಪ, ಒದ್ದೆ ಬಟ್ಟೆ ಹಿಡಿದು ಇಡೀ ಸಾಲು ಒರೆಸಿಕೊಟ್ಟಿದ್ದರು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು, "ಕೆಂಪಾದಾಗ ಗಿಡಕ್ಕೆ ನೋವಾಗುತ್ತಾ ಆಂಟಿ?" ಅಂತ ಕೇಳಿದಳು. ನೋವು ಅನ್ನಲು ಅದಕ್ಕೆ ನರಗಳಿಲ್ಲ. ಆದರೆ ಬೆಳವಣಿಗೆ ನಿಧಾನವಾಗಿರುತ್ತದೆ, ಅದು ನಿಜ. ವರ್ಷಪೂರ್ತಿ ಕೆಂಪಾಗಿಟ್ಟರೆ ಗಿಡ ಕುಬ್ಜವಾಗಿಯೇ ಉಳಿಯುತ್ತದೆ. ಹಸಿರಿನ ತಿಂಗಳುಗಳೂ ಅದಕ್ಕೆ ಬೇಕು.

ಹಿಂದಿನ ಸಾಲಿನ ಹಿರಿಯರೊಬ್ಬರು, "ಇಷ್ಟೆಲ್ಲ ರಗಳೆ ಬೇಡ, ಮಳೆಗಾಲದಲ್ಲೂ ಬಣ್ಣ ಬಿಡದ್ದು ಯಾವುದಾದರೂ ಇದ್ದರೆ ಹೇಳಿ" ಅಂದರು. ಇದೆ. ಹಸಿರು ಕಳ್ಳಿಯ ತಲೆ ಮೇಲೆ ಕೆಂಪು ಚೆಂಡು ಕೂರಿಸಿದ ಗಿಡ, ಮೂನ್ ಕ್ಯಾಕ್ಟಸ್ ಅಂತ ಮಾರುತ್ತಾರೆ. 1941ರಲ್ಲಿ ಜಪಾನಿನಲ್ಲಿ ಬೀಜದ ಸಸಿಗಳ ನಡುವೆ ಸಿಕ್ಕ ಪತ್ರಹರಿತ್ತಿಲ್ಲದ ಮರಿಯನ್ನು ಕಸಿ ಕಟ್ಟಿ ಉಳಿಸಿದ್ದು. ಕೆಳಗಿನ ಹಸಿರು ದಂಟು ದುಡಿದು ಹಾಕಿದರೆ ಮೇಲಿನದ್ದು ಬದುಕುತ್ತದೆ. ಕೆಲವು ವರ್ಷಗಳ ಬಾಳು ಅದರದ್ದು. ನಮ್ಮ ಅಡುಗೆಮನೆ ಕಿಟಕಿಯಲ್ಲಿ ಒಂದಿದೆ, ಜನವರಿಗೂ ಜುಲೈಗೂ ಒಂದೇ ಮುಖ. ನನಗೆ ಅದನ್ನು ನೋಡುವ ಆಸೆಯೇ ಆಗುವುದಿಲ್ಲ, ಅವರಿಗೆ ಇಷ್ಟವಾಗಬಹುದು.

ಟ್ರೇಯಲ್ಲಿದ್ದ ಗ್ರಾಪ್ಟೊಪೆಟಲಂ ಎಲೆಗಳನ್ನು ಬಂದವರಿಗೆಲ್ಲ ಒಂದೊಂದು ಹಂಚಿದೆ. ಕೊಂಡೊಯ್ದವರು ಮರೆಯದಿರಲಿ ಅಂತ ಮತ್ತೆ ಬರೆಯುತ್ತಿದ್ದೇನೆ: ಮುರಿದ ತುದಿ ಒಣಗಲು ಎರಡು ದಿನ ಬಿಡಿ, ಮಣ್ಣಿನ ಮೇಲೆ ಮಲಗಿಸಿಡಿ, ಹೂಳಬೇಡಿ, ಗುಲಾಬಿ ಬೇರು ಕಣ್ಣಿಗೆ ಬೀಳುವವರೆಗೆ ನೀರು ಹಾಕಬೇಡಿ. ಮರಿ ಹುಟ್ಟಿದಾಗ ಹಸಿರಾಗಿದ್ದರೆ ನನಗೆ ಫೋನ್ ಮಾಡಬೇಡಿ, ದೀಪಾವಳಿ ಕಳೆದ ಮೇಲೆ ಮಾಡಿ.